ನಮ್ಮಲ್ಲಿ ತೆರೆಯುತ್ತದೆ

ಆ ಶುಕ್ರವಾರ ಬೆಳಿಗ್ಗೆ ತೂ ಪಿ-ಲ್ಯೆನ್ ಎಂಬಾಕೆ ನಮ್ಮ ಗುಂಪಿನ ಚರ್ಚಾಪುಟದಲ್ಲಿ ಬರೆದದ್ದು ಇಷ್ಟೇ: ‘ನಿಮ್ಮ ಜಾಲತಾಣ ತೆರೆಯುತ್ತಿಲ್ಲ. ನಮ್ಮ ಯಜಮಾನರು ನಿನ್ನೆ ಬೆಳಿಗ್ಗೆ ಮನೆ ಬಿಟ್ಟವರು ಬಂದಿಲ್ಲ. ಅವರ ಅಂಗಿಗೆ ನಿಮ್ಮ ಚೀಟಿ ಅಂಟಿಸಿದ್ದೇನೆ. ದಯವಿಟ್ಟು ನೋಡಿ.’

ತಾಣ ನೋಡಿಕೊಳ್ಳುವ ಚ್ವಾಂಗ್ ಕೊಟ್ಟ ಉತ್ತರ ಇನ್ನೂ ಚಿಕ್ಕದು. ‘ನಮ್ಮಲ್ಲಿ ತೆರೆಯುತ್ತದೆ. ಪ್ರಶ್ನೆ ನಿಯಮದ ಪ್ರಕಾರ ಇಲ್ಲ. ಮುಚ್ಚಲಾಗಿದೆ.’ ಅದರ ಕೆಳಗೆ ಫಾಂಗ್ ಎಂಬ ಇನ್ನೊಬ್ಬ, ‘ಇನ್ನೊಬ್ಬರು ಕೈಚಾಚಿದರು’ ಎಂದು ಬರೆದು ನಗುವ ಮುಖ ಅಂಟಿಸಿದ್ದ. ತಾವೇನೂ ಪ್ರಯತ್ನಿಸದೆ ಉತ್ತರ ಬೇಡುವವರನ್ನು ನಮ್ಮ ಮಂದಿ ಕೈಚಾಚುವವರು ಎನ್ನುತ್ತಾರೆ. ಯಾವ ಯಂತ್ರ, ಯಾವ ಬ್ರೌಸರ್, ಏನೇನು ಮಾಡಿ ನೋಡಿದಿರಿ, ಪರದೆಯ ಚಿತ್ರ ಎಲ್ಲಿ, ಇವೆಲ್ಲ ಇಲ್ಲದ ಪ್ರಶ್ನೆಗೆ ನಮ್ಮಲ್ಲಿ ಬಾಗಿಲಿಲ್ಲ. ಗಂಡ ಕಳೆದುಹೋದ ಹೆಂಗಸು ಬ್ರೌಸರಿನ ಹೆಸರು ಬರೆಯಬೇಕಿತ್ತಂತೆ. ಓದಿ ನನಗೆ ಮೈ ಉರಿಯಿತು.

ನಾವು ತೈವಾನಿನ ತಾಯ್ನಾನ್ ಊರಿನವರು, ಬಿಟ್ಟಿ ಕೆಲಸದವರು. ಮರೆವಿನ ಕಾಯಿಲೆಯ ಹಿರಿಯರ ಅಂಗಿಗೆ ಇಸ್ತ್ರಿ ಹಾಕಿ ಅಂಟಿಸುವ ಒಂದು ಚೀಟಿ ಕೊಡುತ್ತೇವೆ. ಅದರಲ್ಲಿ ನಮ್ಮ ಜಾಲತಾಣದ ಹೆಸರು ಮತ್ತು ಒಂದು ಸಂಖ್ಯೆ. ದಾರಿ ತಪ್ಪಿದವರು ಯಾರ ಕಣ್ಣಿಗೆ ಬಿದ್ದರೂ ಅವರು ತಾಣ ತೆರೆದು ಸಂಖ್ಯೆ ಒತ್ತಿದರೆ ಮನೆಯವರ ಫೋನು ರಿಂಗಾಗುತ್ತದೆ. ಒಳ್ಳೆಯ ಕೆಲಸ, ಇಲ್ಲವೆನ್ನುವುದಿಲ್ಲ. ಆದರೆ ಒಳ್ಳೆಯ ಕೆಲಸವನ್ನು ಬಿಟ್ಟಿಯಾಗಿ ಮಾಡುವವರಿಗೆ ಒಂದು ಬಗೆಯ ಕೊಬ್ಬು ಬರುತ್ತದೆ. ಯಾರೂ ಅವರನ್ನು ಏನೂ ಕೇಳುವಂತಿಲ್ಲ. ಚ್ವಾಂಗ್ ವಾರವಿಡೀ ಚಿಪ್ ಕಾರ್ಖಾನೆಯಲ್ಲಿ ಮೇಲಿನವರ ಮುಂದೆ ಕೈಕಟ್ಟಿ ನಿಲ್ಲುವವನು. ಶನಿವಾರ ಹೂಮೀನಿನ ಗಂಜಿ ಅಂಗಡಿಯ ಮೇಲಿನ ನಮ್ಮ ಕೋಣೆಗೆ ಬಂದನೆಂದರೆ ಪಾಳೆಗಾರ.

ನಾನು ಆ ಹೆಂಗಸಿನ ಪ್ರಶ್ನೆಯನ್ನು ಮತ್ತೆ ತೆರೆದೆ. ಅವನು ಮತ್ತೆ ಮುಚ್ಚಿದ. ಹಿಂದಿನ ಭಾನುವಾರವಷ್ಟೇ ತಾಣವನ್ನು ಹಳೆಯ ಸರ್ವರ್ ಯಂತ್ರದಿಂದ ಹೊಸದಕ್ಕೆ ಸಾಗಿಸಿದ್ದೆವು. ಕಣ್ಣು ಮಿಟುಕಿಸುವಷ್ಟು ಹೊತ್ತೂ ತಾಣ ನಿಲ್ಲಲಿಲ್ಲ ಎಂದು ಅವನು ಎಲ್ಲ ಕಡೆ ಬರೆದುಕೊಂಡಿದ್ದ. ಆ ಹೊಗಳಿಕೆಯ ಅಮಲು ಇನ್ನೂ ಇಳಿದಿರಲಿಲ್ಲ.

ಶನಿವಾರ ಮಧ್ಯಾಹ್ನ ಅವಳೇ ನಮ್ಮ ಕೋಣೆಗೆ ಬಂದಳು. ಕೈಯಲ್ಲಿ ಸ್ಕೂಟರಿನ ಹೆಲ್ಮೆಟ್, ಮುಖ ಬಾಡಿಹೋಗಿತ್ತು. ಚ್ವಾಂಗ್ ಯಾರೆಂದು ಕೇಳಿದಳು. ಫಾಂಗ್ ಅವಳ ಫೋನು ಇಸಿದುಕೊಂಡು, ನಿಮ್ಮ ನೆಟ್ಟೇ ಸರಿಯಿರಲಿಕ್ಕಿಲ್ಲ ಎನ್ನುತ್ತಾ ಮೊದಲು ನಮ್ಮ ಕೋಣೆಯ ವೈಫೈಗೆ ಸೇರಿಸಿದ. ತಾಣ ಸರಾಗವಾಗಿ ತೆರೆಯಿತು.

“ನೋಡಿ ಆಂಟಿ, ತೆರೀತಲ್ಲ. ಫೋನು ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ ಇಷ್ಟು ದೂರ ಬರೋದೇ ಬೇಕಿರ್ಲಿಲ್ಲ,” ಎಂದ ಚ್ವಾಂಗ್, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

“ಮನೇಲಿ ತೆರೀಲಿಲ್ಲಪ್ಪ. ಬಸ್‌ಸ್ಟಾಂಡಲ್ಲೂ ತೆರೀಲಿಲ್ಲ. ಪೊಲೀಸ್ ಸ್ಟೇಷನ್ನಲ್ಲಿ ಅವರ ಫೋನಲ್ಲೂ ತೆರೀಲಿಲ್ಲ.”

“ಹಾಗಾದ್ರೆ ಇಡೀ ಊರಿನ ಫೋನು ಕೆಟ್ಟಿರ್ಬೇಕು.”

ಫಾಂಗ್ ಕಿಸಕ್ಕನೆ ನಕ್ಕ. ಅವಳು ನಗಲಿಲ್ಲ, ಅಳಲೂ ಇಲ್ಲ. ನಿಂತೇ ಇದ್ದಳು. ಪೊಲೀಸರ ಫೋನಿನಲ್ಲೂ ತೆರೆಯಲಿಲ್ಲ ಎಂಬ ಮಾತು ನನ್ನನ್ನು ಚುಚ್ಚಿತು. ಅವಳ ಫೋನು ತೆಗೆದುಕೊಂಡು ಮೆಟ್ಟಿಲಿಳಿದು ಬೀದಿಗೆ ಬಂದೆ. ಕೋಣೆಯ ವೈಫೈ ಕಡಿಯಿತು. ಮತ್ತೆ ಒತ್ತಿದೆ. ಬರೀ ಬಿಳಿ ಹಾಳೆ.

ಮೇಲೆ ಹೋಗಿ ಹೇಳಿದರೆ ಚ್ವಾಂಗ್ ಏಳಲೊಲ್ಲ. ಮೇಜಿನ ಮೇಲಿದ್ದ ಅವನ ಫೋನನ್ನು ಕಿತ್ತುಕೊಂಡು ಮತ್ತೆ ಕೆಳಗಿಳಿದೆ. ಬೈಯುತ್ತಾ ಹಿಂದೆಯೇ ಓಡಿಬಂದ. ಗಂಜಿ ಅಂಗಡಿಯ ಮುಂದೆ ಅವನ ಕೈಯಲ್ಲೇ ಒತ್ತಿಸಿದೆ. ಅವನದರಲ್ಲೂ ಬಿಳಿ ಹಾಳೆಯೇ.

ಅವನ ಮುಖ ಕಂಡ ಕೂಡಲೇ ನನಗೂ ಅರ್ಥವಾಯಿತು. ಹೆಸರು ಹೇಳಿದರೆ ತಾಣ ಯಾವ ಯಂತ್ರದಲ್ಲಿದೆಯೆಂದು ಜಗತ್ತಿಗೆಲ್ಲ ತಿಳಿಸುವ ವಿಳಾಸಪಟ್ಟಿ ಹೊರಗೆ ಇರುತ್ತದೆ. ಹೊಸ ಯಂತ್ರವನ್ನು ಮೊದಲು ನಾವೇ ಪರೀಕ್ಷಿಸಿ ನೋಡಲೆಂದು ಅದರ ವಿಳಾಸವನ್ನು ತಂತಮ್ಮ ಲ್ಯಾಪ್‌ಟಾಪಿನಲ್ಲೂ ಕೋಣೆಯ ವೈಫೈಯಲ್ಲೂ ಕೈಯಾರೆ ಬರೆದಿಟ್ಟುಕೊಂಡಿದ್ದೆವು. ನಮ್ಮ ಯಂತ್ರಗಳು ಹೊರಗಿನ ಪಟ್ಟಿಯನ್ನು ಕೇಳುತ್ತಲೇ ಇರಲಿಲ್ಲ. ಆ ಪಟ್ಟಿಯನ್ನು ತಿದ್ದುವ ಅಧಿಕಾರವನ್ನು ಚ್ವಾಂಗ್ ಯಾರಿಗೂ ಬಿಟ್ಟುಕೊಟ್ಟವನಲ್ಲ. ನಮ್ಮೆಲ್ಲರಲ್ಲೂ ತೆರೆಯುತ್ತಿದೆಯಲ್ಲ ಎಂದು ಪಟ್ಟಿ ತಿದ್ದುವುದನ್ನೇ ಮರೆತು ಹಳೆಯ ಯಂತ್ರವನ್ನು ಆಫ್ ಮಾಡಿಬಿಟ್ಟಿದ್ದ. ಆರು ದಿನದಿಂದ ಊರೆಲ್ಲ ಆರಿದ ಯಂತ್ರದ ಬಾಗಿಲು ಬಡಿಯುತ್ತಿತ್ತು.

“ಊರಿಗೆಲ್ಲ ಬಾಗಿಲು ಹಾಕ್ಕೊಂಡು ಒಳಗೆ ಕೂತು ಆಯಮ್ಮನ್ನ ಕೈಚಾಚೋಳು ಅಂದ್ರಲ್ಲೋ,” ಎಂದೆ.

“ಮೆಲ್ಲಗೆ ಮಾತಾಡಿ ಷುಯೆ ಅಕ್ಕ, ಜನ ಊಟ ಮಾಡ್ತಿದ್ದಾರೆ.”

ಜನ ಊಟ ಮಾಡುತ್ತಿದ್ದರೆಂಬುದು ಅವನಿಗೆ ಆಗಲೂ ಕಾಣಿಸಿತು. ಆ ಕ್ಷಣ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಲಿಲ್ಲ, ಅವನು ಪಟ್ಟಿ ತಿದ್ದಬೇಕಿತ್ತು.

ತಿದ್ದಿದ. ಬದಲಾವಣೆ ಹೊರಗೆ ಹಬ್ಬಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಷ್ಟೂ ಹೊತ್ತು ತೂ ಆಂಟಿ ಕುರ್ಚಿ ಕೊಟ್ಟರೂ ಕೂರಲಿಲ್ಲ. ಫಾಂಗ್ ತಂದಿಟ್ಟ ಚಹಾ ತಣ್ಣಗಾಯಿತು. ಆಮೇಲೆ ಅವಳ ಫೋನು ರಿಂಗಾಯಿತು.

ಊರಾಚೆ ಛೀಗೂ ಎಂಬಲ್ಲಿಗೆ ಹೋಗುವ ರಸ್ತೆ ಬದಿಯಲ್ಲಿ ಅಡಿಕೆ ಮಾರುವ ಹೆಂಗಸೊಬ್ಬಳು ಸಂಖ್ಯೆ ಒತ್ತಿದ್ದಳು. ನಿನ್ನೆ ಮಧ್ಯಾಹ್ನ ಕಾಲೆಲ್ಲ ಕೆಸರಾದ ಅಜ್ಜನೊಬ್ಬ ಬಂದಿದ್ದನಂತೆ. ಕೂರಿಸಿ ನೀರು ಕೊಟ್ಟು ಅಂಗಿಯ ಚೀಟಿ ಕಂಡು ತಾಣ ತೆರೆಯಲು ಒತ್ತಿದ್ದಾಳೆ, ಒತ್ತುತ್ತಲೇ ಇದ್ದಾಳೆ. ಪೊಲೀಸರಿಗಾದರೂ ಹೇಳೋಣ ಎನ್ನುವಷ್ಟರಲ್ಲಿ ಲಾರಿಯೊಂದು ನಿಂತಿತು. ಅಡಿಕೆ ಕೊಟ್ಟು ತಿರುಗುವಷ್ಟರಲ್ಲಿ ಅಜ್ಜ ಇರಲಿಲ್ಲ, ಮೀನು ಸಾಕುವ ಹೊಂಡಗಳ ನಡುವಿನ ದಾರಿ ಹಿಡಿದಿದ್ದ. ಮನಸ್ಸು ತಡೆಯದೆ ಅವಳು ಇವತ್ತೂ ಒತ್ತುತ್ತಿದ್ದಳು.

ನಿನ್ನೆ ಮಧ್ಯಾಹ್ನ ಎಂದರೆ ಚ್ವಾಂಗ್ ಪ್ರಶ್ನೆ ಮುಚ್ಚಿ ಇನ್ನೂ ಅರ್ಧ ದಿನವಾಗಿರಲಿಲ್ಲ. ಬೆಳಿಗ್ಗೆಯೇ ಅವನು ಬೀದಿಗಿಳಿದು ಒಮ್ಮೆ ಒತ್ತಿ ನೋಡಿದ್ದರೆ ಸಾಕಿತ್ತು. ಇದನ್ನು ಅವನ ಮುಖಕ್ಕೇ ಹೇಳಿದೆ, ಗುಂಪಿನ ಮುಂದೆಯೂ ಹೇಳಿದೆ, ಇವತ್ತಿಗೂ ಹೇಳುತ್ತೇನೆ.

ಸ್ಕೂಟರುಗಳಲ್ಲಿ ಎಲ್ಲರೂ ಛೀಗೂಗೆ ಹೋದೆವು. ಕತ್ತಲಾಗುವ ಮೊದಲೇ ಹೊಂಡದ ಕೆಲಸದವರು ತೂ ಆಂಟಿಯ ಯಜಮಾನರನ್ನು ನೀರಿನಿಂದ ಎತ್ತಿದರು.

ಸಾವಿನ ಮನೆಗೆ ಚ್ವಾಂಗ್ ಬರುತ್ತಾನೆಂದು ನಾನು ಎಣಿಸಿರಲಿಲ್ಲ. ಬಂದ. ಊದಿನಕಡ್ಡಿ ಹಚ್ಚಿ ತಲೆಬಾಗಿ ಮೂಲೆಯಲ್ಲಿ ನಿಂತ. ತೂ ಆಂಟಿ ಸತ್ತವರ ಹೆಸರಿನಲ್ಲಿ ಸುಡಲೆಂದು ಹಳದಿ ಕಾಗದದಲ್ಲಿ ತಾವರೆ ಮಡಚುತ್ತಿದ್ದಳು. ಹೊರಗೆ ಹೋಗೆನ್ನುತ್ತಾಳೆ ಎಂದುಕೊಂಡೆ, ಎನ್ನಲಿ ಎಂದೂ ಬಯಸಿದೆ. ಅವಳು ಅವನನ್ನು ಹತ್ತಿರ ಕರೆದಳು.

“ಆ ಅಡಿಕೆ ಅಂಗಡಿಯವಳು ಎಷ್ಟೋ ಸಲ ಒತ್ತಿದ್ಳಂತಪ್ಪ. ನಿಮ್ಮ ಯಂತ್ರದಲ್ಲಿ ಅದೆಲ್ಲಾದ್ರೂ ದಾಖಲಾಗಿರುತ್ತಾ? ಇವರು ಎಷ್ಟು ಹೊತ್ತು ಅಲ್ಲಿ ಕೂತಿದ್ರು ಅಂತ ತಿಳ್ಕೋಬೇಕಿತ್ತು.”

ಚ್ವಾಂಗ್‌ಗೆ ಸುಳ್ಳು ಹೇಳಲು ಬಾರದು.

“ಇಲ್ಲ ಆಂಟಿ. ಒಂದೂ ನಮ್ಮ ತನಕ ಬಂದೇ ಇಲ್ಲ.”

“ಬಂದಿದ್ರೆ?”

“ಬಂದಿದ್ರೆ ನಿಮ್ಮ ಫೋನು ರಿಂಗಾಗ್ತಿತ್ತು.”

ಅವಳು ಇನ್ನೊಂದು ಕಾಗದ ತೆಗೆದುಕೊಂಡು ಅಂಚಿಗೆ ಅಂಚು ಕೂಡಿಸಿ ಮಡಚಿದಳು.

“ಆವತ್ತೆಲ್ಲಾ ಫೋನು ಕೈಯಲ್ಲೇ ಹಿಡ್ಕೊಂಡು ಕೂತಿದ್ದೆ,” ಎಂದಳು.