ಎರಡು ಚಪ್ಪಾಳೆಗಳ ನಡುವೆ

“ಯಾರಪ್ಪಾ ಕೇಳ್ತಾರೆ ಇದನ್ನೆಲ್ಲ?”

ಪ್ರತಿ ಭಾನುವಾರ ಬೆಳಿಗ್ಗೆ ಮೈಕಿನ ಮುಂದೆ ಕುಳಿತ ಕೂಡಲೇ ನನ್ನ ಗೆಳತಿ ಗೋಡೆಯನ್ನು ಹೀಗೆ ಕೇಳುತ್ತಿದ್ದಳು. ಪ್ರಶ್ನೆ ನನಗಲ್ಲ. ನಾನು ಕೇಳುತ್ತೇನೆ ಎನ್ನುವುದು ಅವಳಿಗೆ ಒಂದನೇ ತರಗತಿಯಿಂದಲೂ ಗೊತ್ತು.

ನನ್ನ ಕೆಲಸ ಕಿವಿ ಪರೀಕ್ಷಿಸುವ ಕ್ಲಿನಿಕ್ಕಿನಲ್ಲಿ. ಅಲ್ಲಿ ಸದ್ದು ಹೊಗದ ಒಂದು ಪುಟ್ಟ ಕೋಣೆಯಿದೆ. ಗೋಡೆಗೆಲ್ಲ ತೂತುತೂತಿನ ತಗಡು, ಅದರ ಹಿಂದೆ ದಪ್ಪನೆಯ ಹತ್ತಿ. ಬಾಗಿಲು ಹಾಕಿಕೊಂಡರೆ ನುಂಗಿದ ಉಗುಳಿನ ಸದ್ದೂ ಕೇಳಿಸುತ್ತದೆ. ವಾರವಿಡೀ ಜನ ಅಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತು, ಸಣ್ಣ ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತುತ್ತಾರೆ. ಕೇಳಿಸದಿದ್ದರೂ ಮರ್ಯಾದೆಗೆ ಒತ್ತುವವರಿದ್ದಾರೆ. ಅವರ ಕಣ್ಣು ನೋಡಿದರೆ ನನಗೆ ತಿಳಿದುಹೋಗುತ್ತದೆ. ಭಾನುವಾರ ರಜೆ. ಡಾಕ್ಟರಮ್ಮ ನನ್ನನ್ನು ನಂಬಿ ಬೀಗದ ಕೈ ಕೊಟ್ಟಿದ್ದರು. ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತು ಎರಡು ವರ್ಷದಿಂದ ನಮ್ಮ ಪಾಡ್‌ಕಾಸ್ಟ್ ಮಾಡುತ್ತಿದ್ದೆವು. ಅದರ ಹೆಸರು ‘ದೊಡ್ಡವರಾದ ಮೇಲೆ’.

ಅವಳದು ಬಟ್ಟೆ ಆಲ್ಟರ್ ಮಾಡಿಕೊಡುವ ಅಂಗಡಿ. ಶಾಲೆಯಲ್ಲೇ ಅವಳಿಗೆ ಸೂಜಿ ಎಂದು ಹೆಸರಿಟ್ಟಿದ್ದರು. ಹೊಲಿಗೆಗಿಂತ ಮೊದಲೇ, ಮಾತಿಗಾಗಿ ಇಟ್ಟ ಹೆಸರು ಅದು. ನನ್ನನ್ನು ಅವಳು ಕಿವಿ ಎನ್ನುತ್ತಾಳೆ. ಸಿನಿಮಾ, ಸೀರಿಯಲ್ಲು, ಹಾಡು, ನಲವತ್ತು ದಾಟಿದ ಮೇಲೆ ಗಲ್ಲದ ಮೇಲೆ ಬರುವ ಒಂಟಿ ಕೂದಲು, ಅವಳು ಎಲ್ಲವನ್ನೂ ಮಾತಾಡುತ್ತಿದ್ದಳು.

“ಚಿಕ್ಕವಳಿದ್ದಾಗ ಹೀರೋಯಿನ್ ಮನೆ ಬಿಟ್ಟು ಓಡಿಹೋದ್ರೆ ಶಿಳ್ಳೆ ಹೊಡೀತಿದ್ದೆ,” ಎನ್ನುವಳು. “ಈಗ ‘ಅಯ್ಯೋ, ಸ್ವೆಟರ್ ಆದ್ರೂ ತಗೊಂಡು ಹೋಗೇ’ ಅನ್ಸುತ್ತೆ. ಅವರಪ್ಪ ಬೈಯೋದು ಸರಿ ಅನ್ಸೋಕೆ ಶುರುವಾದ ದಿನ ನಮ್ಮ ಕಥೆ ಮುಗೀತು ಅಂತ ತಿಳ್ಕೊ.”

“ಹ್ಞೂಂ,” ಎನ್ನುವೆ ನಾನು.

“ನೋಡಿ, ಕೇಳುಗರೇ, ಇವಳು ಇವತ್ತಿನ ಭಾಷಣ ಮುಗಿಸಿದ್ಲು!”

ನನಗೆ ಹಾಗೆಯೇ ಅಭ್ಯಾಸ. ನನ್ನಜ್ಜ ದಿನಾ ನಸುಕಿನಲ್ಲಿ ಕಾವ್ಯದ ಪದ್ಯಗಳನ್ನು ರಾಗವಾಗಿ ಹೇಳುತ್ತಿದ್ದರು. ಎದುರಿಗೆ ನಾನೊಬ್ಬಳೇ. ತಲೆದೂಗಬಹುದಿತ್ತು, ಬಾಯಿ ತೆರೆಯುವಂತಿರಲಿಲ್ಲ. ಒಂದು ಪದ ತಪ್ಪಿದರೂ ಅವರು ಪದ್ಯದ ಮೊದಲಿಗೆ ಮರಳುತ್ತಿದ್ದರು. “ಹೇಳೋನು ತಪ್ತಾನೆ ಮಗಾ. ಅವನ ತಪ್ಪು ಕೇಳೋಳ ಹತ್ರ ಉಳ್ಕೊಳ್ಳುತ್ತೆ. ಜೋಪಾನವಾಗಿ ಇಟ್ಕೋ,” ಎಂದಿದ್ದರು. ದೇವರ ಮುಂದೆ ಕೂತಾಗಲೂ ನಾನು ಏನನ್ನೂ ಬೇಡಿದವಳಲ್ಲ. ಸುಮ್ಮನೆ ಕೇಳಿಸಿಕೊಳ್ಳುತ್ತೇನೆ.

ಸೂಜಿಗೂ ನನಗೂ ನಡುವೆ ಒಂದೇ ಒಂದು ಕಟ್ಟಳೆಯಿತ್ತು. ಮಾತಿನ ಮಧ್ಯೆ ಅವಳಿಗೆ ಏನೋ ಹೇಳಬೇಕೆನಿಸಿ, ಅದು ಹೊರಗೆ ಹೋಗಬಾರದು ಎನಿಸಿದರೆ, ಒಂದು ಚಪ್ಪಾಳೆ ತಟ್ಟುವಳು. ಮುಗಿದ ಮೇಲೆ ಇನ್ನೊಂದು. ಎರಡು ಚಪ್ಪಾಳೆಗಳ ನಡುವೆ ಇರುವುದು ನನಗೆ ಮಾತ್ರ. ಕಂಪ್ಯೂಟರಿನ ಪರದೆಯ ಮೇಲೆ ಚಪ್ಪಾಳೆ ಎರಡು ಚೂಪು ಗೋಪುರಗಳ ಹಾಗೆ ಎದ್ದು ಕಾಣುತ್ತದೆ. ಹುಡುಕುವ ಕಷ್ಟವೇ ಇಲ್ಲ. ಅವನ್ನೂ ಅವುಗಳ ನಡುವಿನದನ್ನೂ ಒಟ್ಟಿಗೆ ಕತ್ತರಿಸಿ ಎಸೆದರಾಯಿತು.

ಆ ಭಾನುವಾರ ಮಾತು ಒಂದು ಹಳೆಯ ಸೀರಿಯಲ್ಲಿನ ಮೇಲೆ ನಡೆದಿತ್ತು. ಆರು ತಿಂಗಳು ಹಾಸಿಗೆ ಹಿಡಿದು, ಲಿಪ್‌ಸ್ಟಿಕ್ ಅಳಿಯದೆಯೇ ಸಾಯುವ ಒಬ್ಬ ತಾಯಿ ಅದರಲ್ಲಿದ್ದಳು. ಸೂಜಿ ಅವಳ ಕೆಮ್ಮನ್ನು ಅಣಕಿಸಿ ತೋರಿಸಿದಳು. ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ಆಮೇಲೆ ಇದ್ದಕ್ಕಿದ್ದಂತೆ ಚಪ್ಪಾಳೆ ತಟ್ಟಿದಳು.

“ಅವತ್ತು ಅಕ್ಕ ಫೋನ್ ಮಾಡಿದ್ಲು ಕಣೆ. ಮೂರು ಸಲ. ಅಮ್ಮನ ಕಿವಿ ಹತ್ರ ಫೋನ್ ಹಿಡ್ಕೊಂಡು ಕೂತಿದ್ಲಂತೆ, ನಾನೊಂದು ಮಾತಾಡ್ಲಿ ಅಂತ. ಅಮ್ಮ ಅದಕ್ಕೂ ಮುಂಚೆ ನಾಲ್ಕು ಸಲ ಹಾಗೇ ಹೆದರಿಸಿದ್ಲಲ್ಲ, ಇದೂ ಹಾಗೇ ಅಂದ್ಕೊಂಡೆ. ನಾನಿಲ್ಲಿ ಇದೇ ಸೀರಿಯಲ್‌ನ ಕೊನೇ ಕಂತು ನೋಡ್ತಿದ್ದೆ. ಇವಳು ಸಾಯ್ಲಿ, ಆಮೇಲೆ ಫೋನ್ ಎತ್ತೋಣ ಅಂತ. ಇವಳು ಸತ್ಲು. ನಾನು ಮೂಗು ಒರೆಸ್ಕೊಂಡು ಫೋನ್ ತಗೊಂಡೆ. ಅಷ್ಟೊತ್ತಿಗೆ ಅಮ್ಮನೂ ಹೋಗಿದ್ಲು. ಅಂಗಡೀಲಿದ್ದೆ, ಮೆಷಿನ್ ಸದ್ದಲ್ಲಿ ಕೇಳಿಸ್ಲಿಲ್ಲ ಅಂತ ಅಕ್ಕನಿಗೆ ಹೇಳ್ದೆ. ಅಮ್ಮನಿಗೆ ಅಂತ ಇದ್ದ ಅಳುವನ್ನೆಲ್ಲ ಆ ಬಣ್ಣ ಹಚ್ಕೊಂಡೋಳಿಗೆ ಅತ್ತು ಖಾಲಿ ಮಾಡಿದ್ದೆ. ಅಮ್ಮನ ಮನೇಲಿ ಒಂದು ಹನಿ ಬರ್ಲಿಲ್ಲ.”

ಮತ್ತೊಂದು ಚಪ್ಪಾಳೆ. ಆಮೇಲೆ ಕೆಮ್ಮಿನ ಅಣಕ ಮುಂದುವರಿಯಿತು.

ಮಂಗಳವಾರ ಸಂಜೆ ಕೆಲಸ ಮುಗಿಸಿ ಅದನ್ನು ತಿದ್ದಲು ಕೂತೆ. ಎರಡು ಗೋಪುರಗಳು ಕಂಡವು. ಕತ್ತರಿಸುವ ಮುನ್ನ ಇನ್ನೊಮ್ಮೆ ಕೇಳಿದೆ. ಮತ್ತೂ ಒಮ್ಮೆ ಕೇಳಿದೆ. ‘ಇವಳು ಸತ್ಲು’ ಎಂದ ಮೇಲೆ ಅವಳು ತೆಗೆದುಕೊಂಡ ಉಸಿರು, ಅಜ್ಜ ಪದ್ಯದ ಮೂರನೇ ಸಾಲಿನ ಕೊನೆಗೆ ನಿಲ್ಲುತ್ತಿದ್ದಂಥ ನಿಲುಗಡೆಯಾಗಿತ್ತು. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಎರಡು ವರ್ಷ ಕೇಳಿದ್ದರಲ್ಲೆಲ್ಲ ಇಷ್ಟು ಸರಿಯಾಗಿ ಕೂತ ಮಾತು ಇನ್ನೊಂದಿರಲಿಲ್ಲ.

ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದೆ. ಬೇಡ ಎಂದು ಯಾರೂ ಹೇಳಲಿಲ್ಲ. ಯಾರೂ ಹೇಳದ್ದನ್ನೇ ಅಪ್ಪಣೆ ಎಂದುಕೊಂಡೆ. ಮೊದಲ ಚಪ್ಪಾಳೆಯನ್ನು ಅಳಿಸಿದೆ. ಎರಡನೆಯದನ್ನೂ ಅಳಿಸಿದೆ. ಅವು ಇದ್ದ ಜಾಗ ಬಿಕೋ ಎನ್ನುತ್ತಿತ್ತು. ಬೇರೆ ಕಡೆಯಿಂದ ಅವಳ ಎರಡು ಉಸಿರು ತಂದು ಅಲ್ಲಿ ಕೂರಿಸಿದೆ. ಅದಕ್ಕೇ ಒಂದು ಗಂಟೆ ಹಿಡಿಯಿತು.

ಬುಧವಾರ ಕಂತು ಹೊರಗೆ ಹೋಯಿತು. ಎಂದೂ ಬಾರದಷ್ಟು ಸಂದೇಶಗಳು ಬಂದವು. ‘ನಾನೂ ಹಾಗೇ ಮಾಡಿದ್ದೆ’ ಎಂದು ಯಾರೋ ಮುದುಕರೊಬ್ಬರು ಬರೆದಿದ್ದರು. ಅದನ್ನು ಓದಿ ನನಗೆ ಸಂತೋಷವಾಯಿತು. ಈಗ ಬರೆಯುವಾಗ ಅದನ್ನು ಬಿಟ್ಟುಬಿಡಬಾರದು.

ಸೂಜಿಯ ಅಕ್ಕ ಹುಡುಗಿಯರ ಹಾಸ್ಟೆಲ್ಲೊಂದರಲ್ಲಿ ಅಡುಗೆ ಮಾಡುತ್ತಾಳೆ. ಗುರುವಾರ ಮಧ್ಯಾಹ್ನ ಅವಳು ಬಡಿಸುತ್ತಿದ್ದಾಗ ಹುಡುಗಿಯರು ಊಟದ ಮೇಜಿನ ಮೇಲೆ ಫೋನಿಟ್ಟುಕೊಂಡು ನಮ್ಮ ಕಂತು ಹಾಕಿದ್ದರಂತೆ. ತಂಗಿಯ ದನಿ ಅವಳಿಗೆ ಗೊತ್ತಾಗದಿರುತ್ತದೆಯೇ? ಸೌಟು ಹಿಡಿದುಕೊಂಡೇ ಕೊನೆಯವರೆಗೂ ಕೇಳಿದಳು. ಆಮೇಲೆ ತಂಗಿಗೆ ಒಂದೇ ಸಾಲು ಕಳಿಸಿದಳು. ‘ಮೂರಲ್ಲ, ಐದು ಸಲ ಮಾಡಿದ್ದೆ.’

ಶುಕ್ರವಾರ ಸೂಜಿ ಕ್ಲಿನಿಕ್ಕಿಗೇ ಬಂದಳು. ಒಳಗಿನ ಕೋಣೆಯಲ್ಲಿ ವಯಸ್ಸಾದ ಮೇಷ್ಟರೊಬ್ಬರು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ನಾನು ಗಾಜಿನ ಈಚೆ ಯಂತ್ರದ ಮುಂದಿದ್ದೆ. ಅವಳು ಫೋನಿನ ಪರದೆಯನ್ನು ನನ್ನ ಮುಖದ ಮುಂದೆ ಹಿಡಿದಳು.

“ಹೆಂಗಾಯ್ತೇ ಇದು?”

“ಚಪ್ಪಾಳೆ... ನೋಡ್ಲಿಲ್ಲ ಕಣೆ. ಮರೆತುಹೋಯ್ತು,” ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು! ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡವಳು ಬಾಯಿ ತೆರೆದದ್ದು ಇದಕ್ಕೆ.

ಅವಳು ಕುರ್ಚಿಯ ಮೇಲೆ ಕುಸಿದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. “ಹೋಗ್ಲಿ ಬಿಡು. ನೀನೇನು ಬೇಕೂಂತ ಮಾಡ್ತೀಯಾ? ದಿನವಿಡೀ ದುಡಿದು ಬಂದು ಇದನ್ನೂ ಮಾಡೋಳು ನೀನೊಬ್ಳೇ. ನಾನೇ ಬಾಯಿಬಡುಕಿ,” ಎಂದಳು. ಆಮೇಲೆ ನನ್ನ ಬಿಳಿಕೋಟಿನ ಜೇಬು ಹರಿದಿರುವುದು ಅವಳ ಕಣ್ಣಿಗೆ ಬಿತ್ತು. “ಏನೇ ಇದು, ಭಿಕ್ಷುಕಿ ಥರ? ನಿಂತ್ಕೋ,” ಎಂದು ಸೆರಗಿಗೆ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದು, ಮೈಮೇಲಿದ್ದಂತೆಯೇ ಹೊಲಿದುಕೊಟ್ಟಳು. ದಾರ ಕಚ್ಚಿ ತುಂಡರಿಸುವಾಗ ಅವಳ ತಲೆ ನನ್ನ ಎದೆಗೆ ತಾಗಿತ್ತು. ಒಳಗೆ ಮೇಷ್ಟರು, ನಾನು ಯಾವ ಸದ್ದನ್ನೂ ಕಳಿಸದಿದ್ದರೂ, ಗುಂಡಿ ಒತ್ತುತ್ತಲೇ ಇದ್ದರು.

ಅಂದೇ ಕಂತನ್ನು ತೆಗೆದುಹಾಕಿದೆ. ಅಷ್ಟರಲ್ಲಿ ಆ ತುಣುಕು ಯಾರ‍್ಯಾರದೋ ಫೋನು ಸೇರಿಯಾಗಿತ್ತು. ಎರಡು ದಿನ ದೇವರ ಮುಂದೆ ಕೂರಲಾಗಲಿಲ್ಲ. ಕೂತರೆ ಅಲ್ಲೂ ಆ ನಿಲುಗಡೆಯೇ ಕೇಳಿಸುತ್ತಿತ್ತು. ಅದು ಆಗಲೂ ಚೆನ್ನಾಗಿಯೇ ಇತ್ತು. ಅದೇ ಭಯ.

ಭಾನುವಾರ ಸೂಜಿ ನನಗಿಂತ ಮೊದಲೇ ಬಂದು ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತಿದ್ದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆವು. ಈ ಸಲ ಅವಳು ಗೋಡೆಯನ್ನು ಏನೂ ಕೇಳಲಿಲ್ಲ.

“ಅಕ್ಕ ಫೋನ್ ಎತ್ತಲ್ಲ,” ಎಂದಳು. “ನಿನ್ನೆ ಹಾಸ್ಟೆಲ್‌ಗೇ ಹೋಗಿದ್ದೆ. ಹಿತ್ತಲ ಬಾಗಿಲಲ್ಲಿ ನಿಂತು ಹೇಳಿದ್ಲು, ‘ಫೋನ್ ಎತ್ತಲಿಲ್ಲ ಅನ್ನೋದನ್ನ ನಾನು ಹೇಗೋ ನುಂಗ್ಕೋತಿದ್ದೆ. ಅಮ್ಮನ ಸಾವನ್ನ ನಾಲ್ಕು ಜನಕ್ಕೆ ತಮಾಷೆ ಮಾಡಿ ಉಣಬಡಿಸ್ದೆಯಲ್ಲ, ಅದು ಗಂಟಲಲ್ಲಿ ಇಳಿಯಲ್ಲ’ ಅಂತ. ನಾನು ಹಾಗೆ ಮಾಡ್ಲಿಲ್ಲ ಅಂದ್ರೆ ನಂಬಲ್ಲ. ಈ ಕಂತಲ್ಲಿ ನೀನು ಹೇಳು. ಹುಡುಗೀರು ಹಾಕ್ತಾರೆ, ಅವಳ ಕಿವಿಗೆ ಬೀಳುತ್ತೆ. ಅದು ಹೊರಗೆ ಹೋಗೋ ಮಾತಲ್ಲ, ನನ್ನಿಂದ ಹೋಯ್ತು ಅಂತ ಹೇಳು. ಎರಡು ವರ್ಷದಲ್ಲಿ ನಾನು ನಿನ್ನ ಹತ್ರ ಕೇಳ್ತಿರೋದು ಇದೊಂದೇ.”

ರೆಕಾರ್ಡರ್ ಒತ್ತಿದೆ. ಕೆಂಪು ದೀಪ ಹೊತ್ತಿತು. ಜೀವಮಾನದಲ್ಲೇ ಮೊದಲ ಸಲ ಮೈಕು ನನ್ನ ಕಡೆ ತಿರುಗಿತ್ತು, ಹೆಡ್‌ಫೋನು ಅವಳ ತಲೆಯ ಮೇಲಿತ್ತು.

“ಹೋದ ವಾರದ ಕಂತಿನಲ್ಲಿ,” ಎಂದೆ, “ನನ್ನ ಗೆಳತಿ ನನಗೊಬ್ಬಳಿಗೇ ಹೇಳಿದ ಒಂದು ಮಾತು ಹೊರಗೆ ಬಂತು. ಅದು ನನ್ನ ತಪ್ಪು. ತೆಗೆಯೋದು ಮರೆ...”

“ನಿಲ್ಲು,” ಎಂದಳು ಸೂಜಿ.

ಮಾತು ನಿಲ್ಲಿಸಿದೆ.

“ನಿನ್ನೆ ಹಾಸ್ಟೆಲ್ಲಿಂದ ಬರ್ತಾ ಬಸ್ಸಲ್ಲಿ ಅದನ್ನ ಕೇಳ್ದೆ, ಅಲ್ಲಿನ ಹುಡುಗಿಯೊಬ್ಳ ಫೋನಲ್ಲಿತ್ತು, ಕಳಿಸಿಕೊಟ್ಲು. ನನ್ನ ದನಿ ಕೇಳಿದ್ರೆ ನಂಗೇ ಆಗಲ್ಲ ನೋಡು, ಇದೇ ಮೊದಲು ಕೇಳಿದ್ದು.” ಅವಳ ದನಿ ಏರಲಿಲ್ಲ. “ಚಪ್ಪಾಳೆ ಎಲ್ಲಿ?”

ನಾನು ಇನ್ನೂ ಉರಿಯುತ್ತಿದ್ದ ಕೆಂಪು ದೀಪದ ಕಡೆ ನೋಡಿದೆ.

“ಮರೆತಿದ್ರೆ ಚಪ್ಪಾಳೆನೂ ಇರ್ಬೇಕಿತ್ತಲ್ವಾ? ಎರಡು ಸಲ ಹುಡುಕ್ದೆ. ಅಂಗೈ ಉರಿಯೋ ಹಾಗೆ ತಟ್ಟಿದ್ದೆ ನಾನು. ಅದು ಎಲ್ಲೂ ಇಲ್ಲ. ಇಪ್ಪತ್ತು ವರ್ಷದಿಂದ ಹರಿದ ಬಟ್ಟೆ ಹೊಲೀತಿದ್ದೀನಿ ಕಣೆ. ಗೊತ್ತಾಗಬಾರದು ಅಂತ ಕೂತು ಹೊಲಿದ ಜಾಗ ಯಾವುದು, ಮರೆತು ಬಿಟ್ಟ ಜಾಗ ಯಾವುದು ಅಂತ ನಂಗೆ ಹೇಳಿಕೊಡ್ಬೇಡ.”

“ಮೊದಲೇ ಗೊತ್ತಿದ್ದೂ ಮತ್ಯಾಕೆ ಹೇಳು ಅಂದೆ?”

“ನೀನೇ ಹೇಳ್ತೀಯೇನೋ ಅಂತ.”

ಅವಳ ಹೆಡ್‌ಫೋನಿನಲ್ಲಿ ನನ್ನ ಉಸಿರು ಎಷ್ಟು ದೊಡ್ಡದಾಗಿ ಕೇಳಿಸುತ್ತಿರಬಹುದು ಎಂದು ನನಗೆ ಗೊತ್ತಿತ್ತು.

“ಬೇಕೂಂತಲೇ ಬಿಟ್ಟೆ,” ಎಂದೆ. “ಚಪ್ಪಾಳೆ ನಾನೇ ಅಳಿಸ್ದೆ. ನಿನ್ನ ಉಸಿರು ತಂದು ಮುಚ್ಚಿದೆ.”

“ಯಾಕೆ?”

“ಚೆನ್ನಾಗಿತ್ತು.”

“ಚೆನ್ನಾಗಿತ್ತಾ?”

“ಹ್ಞೂಂ. ನೀನು ಹೇಳಿದ ರೀತಿ. ಅಷ್ಟು ಚೆನ್ನಾಗಿರೋದನ್ನ ನಾನೊಬ್ಳೇ ಕೇಳಿ ಎಸೆಯೋದು ಪಾಪ ಅನ್ನಿಸ್ತು. ದೇವರ ಹೆಸರು ಹೇಳ್ಕೊಂಡು ಮಾಡ್ದೆ. ಅದೂ ಸುಳ್ಳೇ. ನಿನ್ನ ಮಾತನ್ನ ಜೀವಮಾನವಿಡೀ ಕೇಳಿದ್ದೀನಲ್ಲ, ಅದು ನಂದೂ ಹೌದು ಅನ್ನಿಸಿಬಿಟ್ಟಿತ್ತು. ನಿಮ್ಮಕ್ಕ ಕೇಳಿಸ್ಕೋಬಹುದು ಅನ್ನೋದು ತಲೆಗೆ ಬಂದಿತ್ತು. ಬಂದ್ರೂ ಬಿಟ್ಟೆ.” ಮೈಕಿನತ್ತ ಬಾಗಿದೆ. “ಅಕ್ಕಾ, ನಿಮ್ಮ ತಂಗಿ ಯಾರಿಗೂ ಏನೂ ಉಣಬಡಿಸಿಲ್ಲ. ಅವಳು ಬಾಗಿಲು ಹಾಕ್ಕೊಂಡು ನನಗೊಬ್ಬಳಿಗೇ ಹೇಳಿದ್ದು. ಬಾಗಿಲು ತೆಗೆದೋಳು ನಾನು.”

ಸೂಜಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಕೆನ್ನೆಯ ಮೇಲಿಂದ ನೀರು ಇಳಿದು ಹೆಡ್‌ಫೋನಿನ ಮೆತ್ತೆಯ ಅಂಚಿಗೆ ಸೇರುತ್ತಿತ್ತು. ಒರೆಸಿಕೊಳ್ಳಲಿಲ್ಲ. ಆಮೇಲೆ ಹೆಡ್‌ಫೋನ್ ತೆಗೆದಿಟ್ಟು, ಕೈ ಚಾಚಿ ರೆಕಾರ್ಡರ್ ನಿಲ್ಲಿಸಿ, ಅದರಿಂದ ಉಗುರಿನಷ್ಟಿದ್ದ ಮೆಮೊರಿ ಕಾರ್ಡನ್ನು ಎಳೆದುಕೊಂಡಳು. ತನ್ನ ಗುಂಡುಪಿನ್ನಿನ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದಳು.

“ಅಂಗಡಿ ಎದುರಿನ ಫೋಟೋ ಸ್ಟುಡಿಯೋದೋರು ಇದನ್ನ ಕಂಪ್ಯೂಟರಿಗೆ ಹಾಕಿಕೊಡ್ತಾರೆ. ಬುಧವಾರದ ಕಂತಾಗಿ ಇದ್ದ ಹಾಗೇ ಹೋಗುತ್ತೆ,” ಎಂದು ಎದ್ದು ನಿಂತಳು.

ಆಗ ನನ್ನ ಕಣ್ಣ ಮುಂದೆ ಬಂದವರು ಅಕ್ಕನಲ್ಲ, ದೇವರೂ ಅಲ್ಲ. ಡಾಕ್ಟರಮ್ಮ ಬಂದರು, ಆ ಮೇಷ್ಟರು ಬಂದರು, ‘ನಾನೂ ಹಾಗೇ ಮಾಡಿದ್ದೆ’ ಎಂದು ಬರೆದ ಆ ಮುದುಕರು ಬಂದರು. ಎಲ್ಲರೂ ನನ್ನ ಆ ಒಂದು ಪದವನ್ನು ಕೇಳಿಸಿಕೊಳ್ಳುತ್ತಿದ್ದರು. ನಾನು ಅವಳ ಸೆರಗು ಹಿಡಿದುಕೊಂಡೆ.

“ಎಲ್ಲಾ ಹೋಗ್ಲಿ. ಬೇಕೂಂತ ಮಾಡ್ದೆ ಅನ್ನೋದೂ ಇರ್ಲಿ. ಆ ‘ಚೆನ್ನಾಗಿತ್ತು’ ಅಂದೆನಲ್ಲ, ಅದೊಂದನ್ನ ತೆಗೆದುಬಿಡೇ,” ಎಂದೆ. ಎಂದವಳೇ, ನನಗೇ ಗೊತ್ತಿಲ್ಲದಂತೆ, ಎರಡು ಕೈ ಸೇರಿಸಿ ಒಂದು ಚಪ್ಪಾಳೆ ತಟ್ಟಿದೆ.

ಅವಳು ನನ್ನ ಕೈಗಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಇಲ್ಲ,” ಎಂದಳು. “ತೆಗೆಯಲ್ಲ.”