ಎರಡು ಹನಿ ಎಣ್ಣೆ

ರಾತ್ರಿ ಒಂದೂವರೆಗೆ ಆ ಸದ್ದು ಕೇಳಿಸಿತು. ಸದ್ದು ಎಂದರೆ ದೊಡ್ಡ ಮಾತಾಗುತ್ತದೆ. ಯಾರೋ ಲಕೋಟೆಯ ಮೇಲೆ ಉಗುರಿನಿಂದ ಒಮ್ಮೆ ಗೀರಿದಂತೆ, ಅಷ್ಟೇ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಗೀರು.

ಎದ್ದು ಮೊದಲು ಗ್ಯಾಸ್ ನೋಡಿದೆ. ಆಮೇಲೆ ಹಿಂಬಾಗಿಲ ಚಿಲಕ. ಆಮೇಲೆ ಮತ್ತೆ ಗ್ಯಾಸ್. ಎಲ್ಲ ಸರಿಯಾಗಿತ್ತು. ಮುಂದಿನ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಅಲ್ಲಿ ಅಣ್ಣ ಮೇಜಿಗೆ ಗಲ್ಲ ತಾಗಿಸಿಕೊಂಡು, ಮೀನು ಹಿಡಿಯುವ ಗಾಳದ ಕೋಲಿಗೆ ಕೂರಿಸುವ ರೀಲೊಂದನ್ನು ಮುಂದಿಟ್ಟುಕೊಂಡು ಕೂತಿದ್ದ. ದಾರ ಸುತ್ತುವ ಸ್ಪೂಲನ್ನು ಬೆರಳಿನಿಂದ ಒಮ್ಮೆ ತಟ್ಟಿ, ಅದು ತಾನಾಗಿ ನಿಲ್ಲುವವರೆಗೆ ಗಡಿಯಾರ ನೋಡುತ್ತಿದ್ದ.

"ಐವತ್ತೆಂಟು ಸೆಕೆಂಡು," ಅಂದ, ತಲೆ ಎತ್ತದೆ. "ಒಂದೇ ಒಂದು ತಟ್ಟಿಗೆ."

"ಅಣ್ಣಾ, ಒಳಗೆ ಏನೋ ಗೀರ್ತಾ ಇದೆ. ನಿಲ್ಲೋಕೆ ಸ್ವಲ್ಪ ಮುಂಚೆ."

"ನಿನ್ನ ಕಿವಿಗೆ ಹೋದ ವರ್ಷ ಫ್ರಿಜ್ಜೂ ಅಳೋದು ಕೇಳಿಸ್ತಿತ್ತು."

"ಫ್ರಿಜ್ಜು ಕೆಟ್ಟೋಯ್ತಲ್ಲ."

"ಐದು ತಿಂಗಳಾದ್ಮೇಲೆ."

ಅದು ನಿಜ.

ನಮ್ಮ ಮನೆಯ ಮುಂದಿನ ಕೋಣೆಯೇ ವರ್ಕ್‌ಶಾಪು. ಕಾರ್ಖಾನೆಯಿಂದ ಬಂದ ರೀಲನ್ನು ಬಿಚ್ಚಿ, ಕಡಲಿಗೆ ಹೋಗುವವರ ಇಷ್ಟದಂತೆ ಮಾರ್ಪಡಿಸಿ ಕೊಡುವುದು ಅಣ್ಣನ ಕಸುಬು. ಸ್ಪೂಲಿಗೆ ತೂತು ಕೊರೆದು ಹಗುರ ಮಾಡುತ್ತಾನೆ, ಹಿಡಿಯನ್ನು ಉದ್ದ ಮಾಡುತ್ತಾನೆ, ಮುಚ್ಚಿದ ಬೇರಿಂಗ್ ತೆಗೆದು ತೆರೆದ ಬೇರಿಂಗ್ ಕೂರಿಸುತ್ತಾನೆ. ಅವನ್ನೆಲ್ಲ ತೊಳೆದು ಒರೆಸಿ, ಕೊನೆಗೆ ದಾರ ಸುತ್ತಿ ಪೆಟ್ಟಿಗೆಗೆ ಹಾಕುವುದು ನನ್ನ ಕೆಲಸ. ಕೆಟ್ಟು ವಾಪಸು ಬಂದವನ್ನು ಬಿಚ್ಚುವುದೂ ನನ್ನದೇ. ಹೀಗಾಗಿ ರೀಲು ಹೋಗುವಾಗ ಹೇಗಿರುತ್ತದೆ ಎಂಬುದು ಅಣ್ಣನಿಗೆ ಚೆನ್ನಾಗಿ ಗೊತ್ತು. ಬರುವಾಗ ಹೇಗಿರುತ್ತದೆ ಎಂಬುದು ನನಗೆ.

ನಮ್ಮಿಬ್ಬರ ಜಗಳ ಒಂದೇ, ಹನ್ನೊಂದು ವರ್ಷದಿಂದ. ಬೇರಿಂಗಿಗೆ ಎರಡು ಹನಿ ತೆಳು ಎಣ್ಣೆ ಬಿಟ್ಟರೆ ಸ್ಪೂಲು ಗಾಳಿಯ ಹಾಗೆ ತಿರುಗುತ್ತದೆ, ಎಸೆದ ಗಾಳ ಎಲ್ಲಿಗೋ ಹೋಗಿ ಬೀಳುತ್ತದೆ. ಆದರೆ ಕಡಲಿಂದ ಬಂದಾಗಲೆಲ್ಲ ಬಿಚ್ಚಿ, ಉಪ್ಪು ತೊಳೆದು, ಮತ್ತೆ ಎರಡು ಹನಿ ಬಿಡಬೇಕು. ಬಿಡದಿದ್ದರೆ ಬೇರಿಂಗ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಗ್ರೀಸು ತುಂಬಿದರೆ ಒಂದು ವರ್ಷ ಅದರ ಕಡೆ ತಿರುಗಿ ನೋಡಬೇಕಿಲ್ಲ, ಅದು ನನ್ನ ಪಕ್ಷ. ಗಾಳ ಮಾತ್ರ ಮೂಗಿನ ಮುಂದೆ ಬೀಳುತ್ತದೆ ಎಂದು ಅಣ್ಣನ ವಾದ. ನಾನು ಕಡಲಂಚಿನ ಕಟ್ಟೆಯ ಮೇಲೆ ಹೆಜ್ಜೆ ಹಾಕಿ ಅಳೆದಿದ್ದೇನೆ. ಎಂಟು ಹೆಜ್ಜೆ ಕಡಿಮೆ. ಮೀನಿಗೆ ಅದು ಅಷ್ಟೊಂದು ಮುಖ್ಯವೇ ಎಂದು ಕೇಳಿದರೆ, "ಮೀನಿಗಲ್ಲ," ಅನ್ನುತ್ತಾನೆ.

ಮೇಜಿನ ಮೇಲಿದ್ದ ರೀಲು ಬೋಟಿನವರಿಗೆ ಹೋಗಬೇಕಾದದ್ದು. ಬೋಟಿನವರೆಂದರೆ, ರಜೆಗೆ ಬಂದವರನ್ನು ಕಡಲಿಗೆ ಕರೆದುಕೊಂಡು ಹೋಗಿ ಮೀನು ಹಿಡಿಸಿ ತರುವ ಒಬ್ಬ ಮಾಲೀಕರು, ಅವರಿಗೆ ನಾಲ್ಕು ಬೋಟುಗಳಿವೆ. ನಲವತ್ತು ದಿನ ದಿನವೂ ಬಳಸಿದ ಮೇಲೂ ರೀಲು ತಿರುಗುತ್ತಿದ್ದರೆ, ನಾಲ್ಕೂ ಬೋಟಿಗೆ ಅಣ್ಣನ ರೀಲೇ. ನಿಂತುಹೋದರೆ ವರ್ಕ್‌ಶಾಪಿಗೆ ಬೀಗ. ಎರಡು ವರ್ಷದಲ್ಲಿ ಮೂರು ಸಲ ಅಣ್ಣನ ರೀಲು ನಡುಗಡಲಲ್ಲಿ ಕಚ್ಚಿಕೊಂಡು ಊರಿಗೆಲ್ಲ ಸುದ್ದಿಯಾಗಿತ್ತು. ಇದೇ ಕೊನೆಯದು ಎಂದು ಅವನೇ ಅತ್ತಿಗೆಗೆ ಮಾತು ಕೊಟ್ಟಿದ್ದ. ಲಿಫ್ಟ್ ರಿಪೇರಿ ಕಂಪನಿಯೊಂದರಿಂದ ಕೆಲಸದ ಪತ್ರವೂ ಬಂದಿತ್ತು; ಎರಡು ತಿಂಗಳೊಳಗೆ ಉತ್ತರ ಹೇಳಬೇಕು. ಅಣ್ಣ ಲಿಫ್ಟಿಗೆ ಹತ್ತಿದರೆ ಎರಡನೇ ಮಹಡಿ ಬರುವಷ್ಟರಲ್ಲಿ ಬೆವರುತ್ತಾನೆ. ಅದನ್ನು ಕಂಪನಿಗೆ ಯಾರೂ ಹೇಳಿರಲಿಲ್ಲ.

ಈ ಸಲ ಅಣ್ಣ ರೀಲಿನ ಪಕ್ಕವನ್ನು ಮುಚ್ಚುವ ತಟ್ಟೆಯೊಳಗೆ ಒಂದು ಸಣ್ಣ ಕಾಲುವೆ ಕೊರೆದಿದ್ದ. ಒಳಗೆ ಬಂದ ಉಪ್ಪುನೀರು ಅದರಲ್ಲಿ ಹರಿದು ತಾನೇ ಹೊರಗೆ ಹೋಗುತ್ತದೆ, ಹಾಗಾಗಿ ಬಿಚ್ಚುವುದೇ ಬೇಡ, ಎರಡು ಹನಿ ಸಾಕು ಎಂಬುದು ಅವನ ಹೊಸ ಸಿದ್ಧಾಂತ. ಅದನ್ನು ಸಾಬೀತು ಮಾಡಲು ತಾನೇ ಒಂದು ಷರತ್ತೂ ಹಾಕಿದ್ದ: ನಲವತ್ತು ದಿನ ರೀಲನ್ನು ಯಾರೂ ಬಿಚ್ಚಬಾರದು. ಬಿಚ್ಚಿದರೆ ಗೊತ್ತಾಗಲೆಂದು ತಟ್ಟೆಯ ಸ್ಕ್ರೂ ತಲೆಯ ಮೇಲೆ ಕೆಂಪು ಪೇಂಟಿನ ಒಂದು ಬೊಟ್ಟು.

"ಸಂಜೆ ಕಟ್ಟೆ ಮೇಲಿಂದ ಎಸೆದು ನೋಡಿದ್ಯಲ್ಲ, ಆಗ್ಲೇ ಉಪ್ಪು ಒಳಗೆ ಹೋಗಿದೆ," ಅಂದೆ.

"ಹೋಗಿದ್ರೆ ಬರುತ್ತೆ. ಕಾಲುವೆ ಯಾಕಿರೋದು?" ಎಂದು ಬೊಟ್ಟಿಟ್ಟು, ಉಫ್ ಎಂದು ಊದಿದ. "ದಾರ ಸುತ್ತಿಡು. ಐದಕ್ಕೆ ಬರ್ತಾರೆ."

ಮಲಗಲು ಹೋದ. ಎರಡು ನಿಮಿಷಕ್ಕೆ ಗೊರಕೆ. ಅವನ ನಿದ್ದೆಯ ಬಗ್ಗೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು.

ನಾನು ಸ್ಪೂಲನ್ನು ಒಮ್ಮೆ ತಟ್ಟಿದೆ. ಕಿವಿಯಿಟ್ಟೆ. ಗೀರು. ಇನ್ನೊಮ್ಮೆ ತಟ್ಟಿದೆ. ಗೀರು. ಒಂದು ಹರಳು ಉಪ್ಪು, ಸಾಸಿವೆಯ ಕಾಲು ಭಾಗವೂ ಇರಲಾರದು. ಬೇರಿಂಗ್ ಕಚ್ಚಿಕೊಳ್ಳಲು ನಲವತ್ತು ದಿನ ಬೇಡ, ನಾಲ್ಕು ಸಾಕು.

ಸ್ಕ್ರೂ ಬಿಚ್ಚಿದೆ. ಬೇರಿಂಗುಗಳನ್ನು ತೊಳೆದು ಒಣಗಿಸಿ, ನೀಲಿ ಗ್ರೀಸನ್ನು ಬೆರಳಲ್ಲಿ ಒತ್ತಿ ತುಂಬಿದೆ. ಅಣ್ಣನ ಕಾಲುವೆಗೂ ತುಂಬಿದೆ. ಅದು ಖಾಲಿಯಿದ್ದದ್ದು ನನಗೆ ನೋಡಲಾಗಲಿಲ್ಲ. ಅಲ್ಯುಮಿನಿಯಂ ತಟ್ಟೆಯಲ್ಲಿ ಉಕ್ಕಿನ ಸ್ಕ್ರೂ ಉಪ್ಪಿಗೆ ಬೆಸೆದುಕೊಳ್ಳುತ್ತದೆಂದು ಸ್ಕ್ರೂವಿಗೂ ಸವರಿದೆ. ತಟ್ಟಿ ನೋಡಿದರೆ ಹದಿನಾಲ್ಕು ಸೆಕೆಂಡು. ಗೀರಿಲ್ಲ. ಆಮೇಲೆ ಬೊಟ್ಟಿನ ವಿಚಾರ. ಪೇಂಟಿನ ಡಬ್ಬಿಯ ಮುಚ್ಚಳ ಮೀಟಿದರೆ ಇಡೀ ಬೀದಿಗೆ ಕೇಳಿಸುತ್ತದೆ. ಅತ್ತಿಗೆಯ ಉಗುರುಬಣ್ಣ ಬಚ್ಚಲಿನ ಗೂಡಿನಲ್ಲಿತ್ತು, ಕೆಂಪೇ. ಒಣಗಿದ ಮೇಲೆ ನೋಡಿದರೆ ಅದರಲ್ಲಿ ಸಣ್ಣ ಮಿಂಚಿತ್ತು. ಅಷ್ಟರಲ್ಲಿ ಮೂರೂವರೆಯಾಗಿತ್ತು. ದಾರ ಸುತ್ತಿ, ತುದಿಗೆ ರಬ್ಬರ್ ಬ್ಯಾಂಡ್ ಹಾಕಿದೆ. ದಾರ ಸುತ್ತಿದ ಸ್ಪೂಲನ್ನು ಅಣ್ಣ ತಟ್ಟಿ ನೋಡುವುದಿಲ್ಲ.

ಐದಕ್ಕೆ ಬೋಟಿನವರು ಬಂದರು. ಅವರ ದನಿ ಅವರಿಗಿಂತ ಎರಡು ಮನೆ ಮುಂಚೆ ಬರುತ್ತದೆ.

"ಏನ್ ಎಂಜಿನಿಯರ್ ಸಾಹೇಬ್ರೇ, ಇದಾದ್ರೂ ಮನೆಗೆ ವಾಪಸ್ ತಿರುಗ್ಕೊಂಡು ಬರುತ್ತೋ, ಹೊತ್ಕೊಂಡು ಬರಬೇಕೋ?"

"ನೀವು ಬಿಚ್ಚದೇ ಇದ್ರೆ ಸಾಕು," ಅಂದ ಅಣ್ಣ.

"ನಾನ್ಯಾಕ್ರೀ ಬಿಚ್ಲಿ? ನನ್ನ ಅಂಗಿ ಗುಂಡಿ ಬಿಚ್ಚೋಕೇ ನನಗೆ ಪುರುಸೊತ್ತಿಲ್ಲ."

ಆ ನಲವತ್ತು ದಿನ ನಾನು ಮಾಡಿದ್ದು ಹೇಳುವಂಥದ್ದೇನಲ್ಲ. ಫೋನು ಹೊಡೆದುಕೊಂಡಾಗಲೆಲ್ಲ ಅಣ್ಣನಿಗಿಂತ ಮುಂಚೆ ಎತ್ತಿದೆ. ಒಮ್ಮೆ ಅತ್ತಿಗೆ ಉಗುರುಬಣ್ಣದ ಶೀಶೆಯನ್ನು ಬೆಳಕಿಗೆ ಹಿಡಿದು, "ಇದು ಇಷ್ಟು ಕಮ್ಮಿ ಇತ್ತಾ?" ಅಂದರು. "ಆವಿಯಾಗುತ್ತೆ ಅತ್ತಿಗೆ," ಅಂದೆ. ಅದು ಪೂರಾ ಸುಳ್ಳಲ್ಲ.

ನಲವತ್ತೊಂದನೇ ದಿನ ಬೋಟಿನವರು ಬಂದು ರೀಲನ್ನು ಮೇಜಿನ ಮೇಲಿಟ್ಟರು. ಮೇಲೆಲ್ಲ ಉಪ್ಪಿನ ಹಕ್ಕಳೆ, ಹಿಡಿಯಲ್ಲಿ ಒಣಗಿದ ಮೀನಿನ ಪೊರೆ. ಅಣ್ಣ ಹಿಡಿಯನ್ನು ತಿರುಗಿಸಿದ. ತಿರುಗಿತು. ಬಿಟ್ಟು ಮತ್ತೆ ತಿರುಗಿಸಿದ. ಅವನ ಕುತ್ತಿಗೆ ಕೆಂಪಾಗಿತ್ತು. ರೂಢಿ ಮೀರಿ, ದಾರ ಸುತ್ತಿದ ಸ್ಪೂಲನ್ನೇ ಒಮ್ಮೆ ತಟ್ಟಿದ. ಬೇಗ ನಿಂತಿತು.

"ದಾರ ಒದ್ದೆ," ಎಂದು ತಾನೇ ಹೇಳಿಕೊಂಡ. ಆಮೇಲೆ ಸ್ಕ್ರೂ ತಲೆಯನ್ನು ನಮಗೆಲ್ಲ ತೋರಿಸಿದ. "ಬೊಟ್ಟು ನೋಡಿ. ಇಟ್ಟ ಹಾಗೇ ಇದೆ. ಎರಡು ಹನಿ! ನಲವತ್ತು ದಿನ, ಎರಡು ಹನಿ!"

ನಾನು ಬೊಟ್ಟು ನೋಡಿದೆ. ಅದರಲ್ಲಿ ಮಿಂಚಿರಲಿಲ್ಲ. ದಪ್ಪಗೆ, ಸ್ವಲ್ಪ ಇಟ್ಟಿಗೆಯ ಕಡೆಗಿದ್ದ ಕೆಂಪು. ಅಣ್ಣನ ಪೇಂಟೂ ಅಲ್ಲ, ಅತ್ತಿಗೆಯ ಬಣ್ಣವೂ ಅಲ್ಲ. ಬೋಟಿನವರ ಎಲ್ಲ ಬೋಟುಗಳ ಅಂಚಿಗೆ ಬಳಿದಿರುವ ಕೆಂಪು.

"ತೊಳೆದಿಡ್ತೀನಿ ಕೊಡು," ಅಂದೆ.

"ಮುಟ್ಬೇಡ! ಇದನ್ನ ಯಾರೂ ಬಿಚ್ಚೋ ಹಾಗಿಲ್ಲ. ಇದು ಹೀಗೇ ಕಪಾಟಲ್ಲಿರುತ್ತೆ. ಬಂದವರೆಲ್ಲ ನೋಡ್ಲಿ."

ಬೋಟಿನವರು ಇನ್ನೂ ಹನ್ನೆರಡು ರೀಲು ಬೇಕೆಂದರು. "ಥೇಟ್ ಇದರ ಥರಾನೇ ಇರ್ಬೇಕು. ಒಂಚೂರೂ ಆಚೀಚೆ ಆಗ್ಬಾರ್ದು," ಎಂದು ಎರಡು ಸಲ ಹೇಳಿದರು. ಎರಡನೇ ಸಲ ಅಣ್ಣನ ಮುಖವನ್ನು ಒಂದು ಥರ ನೋಡಿ ನಕ್ಕರು. ಅಣ್ಣ ಅಳತೆ ಬರೆದುಕೊಳ್ಳಲು ಪುಸ್ತಕ ಹುಡುಕುತ್ತ ಒಳಗೆ ಹೋದ. ಅತ್ತಿಗೆ ಅವನ ಹಿಂದೆಯೇ ಹೋದರು, ಪುಸ್ತಕ ಎಲ್ಲಿದೆಯೆಂದು ಅವರಿಗೇ ಗೊತ್ತಿರುವುದು.

"ಬೊಟ್ಟು ನೀವಿಟ್ಟಿದ್ದಾ?" ಎಂದು ಮೆಲ್ಲಗೆ ಕೇಳಿದೆ.

ಬೋಟಿನವರು ದನಿ ತಗ್ಗಿಸಿದರು. ಅವರಿಗೆ ಅದು ಅಭ್ಯಾಸವಿಲ್ಲದ ಕೆಲಸ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಿತ್ತು.

"ಹನ್ನೊಂದನೇ ದಿನ ಒಬ್ಬ ಪುಣ್ಯಾತ್ಮ ಕೋಲು ಸಮೇತ ನೀರಿಗೆ ಬಿಟ್ಟ ತಂಗಿ. ತಳ ಸೇರ್ತು. ಕೊಕ್ಕೆ ಹಾಕಿ ಎತ್ತೋ ಹೊತ್ತಿಗೆ ಸಂಜೆ. ಒಳಗೆಲ್ಲ ಮರಳು. ಬಿಚ್ಚದೆ ಏನ್ಮಾಡ್ಲಿ? ಬಿಚ್ಚಿ ನೋಡ್ತೀನಿ, ಒಳಗೆ ಗ್ರೀಸು! ಬೆಣ್ಣೆ ಮೆತ್ತಿದ ಹಾಗೆ! ಬೇರಿಂಗಲ್ಲಿ ಒಂದು ಕಣ ಮರಳು ಸೇರಿರ್ಲಿಲ್ಲ. ಒರೆಸಿ, ಮೇಲೊಂದಿಷ್ಟು ನಮ್ಮ ಎಂಜಿನ್ ಗ್ರೀಸು ಹಾಕಿ ಮುಚ್ಚಿದೆ."

"ಓಹೋ," ಅಂದೆ.

"ನಿಮ್ಮಣ್ಣ ಇದ್ದಾರಲ್ಲ, ಭಾರೀ ಪಾಕಡಾ ಆಸಾಮಿ! ಊರಿಗೆಲ್ಲ ಎರಡು ಹನಿ ಎರಡು ಹನಿ ಅಂತ ಸಾರ್ತಾರೆ, ಒಳಗೆ ನೋಡಿದ್ರೆ ಹೀಗೆ. ಬೇರೆ ವರ್ಕ್‌ಶಾಪಿನವರು ನಕಲು ಮಾಡ್ಬಾರ್ದು ಅಂತ, ಅಲ್ವಾ? ನಾನು ಬಾಯಿ ಬಿಡಲ್ಲ. ನಾನು ಬಿಚ್ಚಿದ್ದು ಅವರಿಗೆ ಗೊತ್ತಾದ್ರೆ ಬೇಜಾರಾಗ್ತಾರೆ, ನೀನೂ ಹೇಳ್ಬೇಡ. ಹನ್ನೆರಡಕ್ಕೂ ಅದೇ ಗುಟ್ಟು ಇರ್ಲಿ, ಅಷ್ಟೇ."

"ಎಸೆಯೋವಾಗ ದೂರ ಹೋಗಲ್ಲ ಅಂತ ಯಾರೂ ಅನ್ಲಿಲ್ವಾ?"

"ಎಸೆಯೋದು ಯಾರಮ್ಮ? ದಾರ ಸೀದಾ ಕೆಳಗೆ ಬಿಡ್ತಾರೆ, ಫೋಟೋ ತೆಗೆಸ್ಕೋತಾರೆ, ವಾಂತಿ ಮಾಡ್ತಾರೆ."

ಅವರು ಹೋದ ಮೇಲೆ ನಾನು ಹೇಳಿಬಿಡಬೇಕೆಂದುಕೊಂಡೆ. ಇದು ನಾನು ಸುಮ್ಮನೆ ಬರೆಯುತ್ತಿರುವ ಮಾತಲ್ಲ. ಅಣ್ಣ ಹನ್ನೆರಡಕ್ಕೂ ಎರಡೆರಡು ಹನಿ ಬಿಟ್ಟು ಕಳಿಸಿದರೆ ಹನ್ನೆರಡೂ ಕಚ್ಚಿಕೊಳ್ಳುತ್ತವೆ, ನಾಲ್ಕೂ ಬೋಟಿನಲ್ಲಿ, ಹೆಚ್ಚುಕಡಿಮೆ ಒಂದೇ ವಾರದಲ್ಲಿ. ಹೇಳುವ ವಾಕ್ಯವನ್ನೂ ಸಿದ್ಧ ಮಾಡಿಕೊಂಡೆ: "ಅಣ್ಣಾ, ಕಾಲುವೆ ಚೆನ್ನಾಗಿದೆ, ಆದರೆ ಅದು ಇನ್ನೂ ಪರೀಕ್ಷೆ ಆಗಿಲ್ಲ." ಇದಕ್ಕಿಂತ ಮೆದುವಾಗಿ ಹೇಳಲು ನನಗೆ ಬರುವುದಿಲ್ಲ.

ಒಳಗೆ ಹೋದರೆ ಅಣ್ಣ ನೆಲದ ಮೇಲೆ ಕೂತು ಹನ್ನೆರಡು ಕಾಲುವೆಗಳ ಚಿತ್ರ ಬರೆಯುತ್ತಿದ್ದ. ಒಂದಕ್ಕಿಂತ ಒಂದು ವಾಸಿ. ಅತ್ತಿಗೆ ಕಿಟಕಿಯ ಬಳಿ ಫೋನಿನಲ್ಲಿದ್ದರು.

"ಇಲ್ಲ ಸರ್, ಅವರು ಬರೋದಿಲ್ಲ... ಇಲ್ಲ ಸರ್, ಸಂಬಳದ ವಿಷಯ ಅಲ್ಲ... ಅವರ ಕೆಲಸ ಇಲ್ಲೇ ಗಟ್ಟಿಯಾಯ್ತು." ಸ್ವಲ್ಪ ತಡೆದು, "ಅವರಿಗೆ ಲಿಫ್ಟು ಅಂದ್ರೆ ಆಗಲ್ಲ ಸರ್," ಎಂದು ಸೇರಿಸಿದರು.

ಹನ್ನೊಂದು ವರ್ಷದಲ್ಲಿ ಅತ್ತಿಗೆ ಅಣ್ಣನ ರೀಲಿನ ಬಗ್ಗೆ ಒಂದು ಒಳ್ಳೆಯ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಫೋನಿಟ್ಟು ಅವರು ಒಗೆದ ಬಟ್ಟೆ ಮಡಿಸತೊಡಗಿದರು. ಒಂದೇ ಟವೆಲ್ಲನ್ನು ಮೂರು ಸಲ ಮಡಿಸಿದರು.

"ಏನೇ, ಬಾಯಿ ತೆರ್ಕೊಂಡು ನಿಂತಿದ್ದೀಯಾ?" ಅಂದ ಅಣ್ಣ.

"ಈ ಹನ್ನೆರಡಕ್ಕೂ ಕೆಂಪು ಬೊಟ್ಟು ಬೇಕಾ ಅಂತ ಕೇಳೋಣ ಅಂತ."

"ಮತ್ತೆ? ಬೊಟ್ಟೇ ಮರ್ಯಾದೆ."

"ಹಾಗಾದ್ರೆ ಅದು ನಾನಿಡ್ತೀನಿ. ನೀನು ಎಣ್ಣೆ ಬಿಟ್ಟು, ಸೆಕೆಂಡು ನೋಡಿ ನನಗೆ ಕೊಟ್ಬಿಡು. ದಾರ ಸುತ್ತಿ ಕೊನೇಲಿ ಇಡ್ತೀನಿ."

"ನಿನಗೂ ಬುದ್ಧಿ ಬಂತು ನೋಡು," ಎಂದ. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಅಣ್ಣನಿಗೆ ಹೇಳುವುದಿಲ್ಲ, ಅತ್ತಿಗೆಗೆ ಹೇಳುವುದಿಲ್ಲ. ಗುಟ್ಟು ಅಣ್ಣನದೆಂದೇ ಬೋಟಿನವರು ನಂಬಿಕೊಂಡಿರಲಿ. ಹೀಗೆಂದು ನಿಂತ ಕಾಲಲ್ಲೇ ತೀರ್ಮಾನಿಸಿದೆ. ಮರುದಿನ ಪೇಟೆಗೆ ಹೋಗಿ ಗ್ರೀಸಿನ ದೊಡ್ಡ ಡಬ್ಬಿ ಕೇಳಿದೆ. ಅಂಗಡಿಯವರು ಕೆಳಗಿಳಿಸುತ್ತ, "ಇಷ್ಟೊಂದು ಯಾತಕ್ಕಮ್ಮ?" ಅಂದರು. ಗೇಟಿಗೆ ಎಂದೆ. ನಮ್ಮ ಮನೆಗೆ ಗೇಟಿಲ್ಲ.