ಎರಡು ಜಡೆಯ ದ್ವೀಪಯಾತ್ರೆ

ಚಿಕ್ಕವಳು ಮೂರನೆಯ ಗುಂಡಿ ಹಾಕುತ್ತಿದ್ದಾಗ ನಾದಿನಿ ಬಾಗಿಲು ದೂಡಿಕೊಂಡು ಒಳಗೆ ಬಂದಳು. ಹೆಣದ ಮೈಮೇಲಿದ್ದ ಉಡುಪು ನೋಡಿ ಅಲ್ಲೇ ನಿಂತುಬಿಟ್ಟಳು. ಹಳದಿ ಬಟ್ಟೆ. ಅದರ ತುಂಬ ಊಟದ ತಟ್ಟೆಯಷ್ಟಗಲದ ಕೆಂಪು ಹೂಗಳು.

"ಏನೇ ಇದು ವೇಷ? ಹೊರಗಡೆ ಜನ ಕೂತಿದ್ದಾರೆ."

"ಅಕ್ಕ ತಾನೇ ಹೊಲಿದುಕೊಂಡದ್ದು. ದ್ವೀಪಕ್ಕೆ ಅಂತ."

"ಬಿಚ್ಚು. ಬೀರುವಿನಲ್ಲಿ ಬೂದು ಬಣ್ಣದ್ದು ಇದೆ."

"ಬೂದು ಬಣ್ಣದಲ್ಲೇ ಬದುಕಿದ್ದಾಯ್ತಲ್ಲ, ಸಾಕು." ಚಿಕ್ಕವಳು ನಾಲ್ಕನೆಯ ಗುಂಡಿಗೆ ಕೈಹಾಕಿದಳು. "ಬಿಚ್ಚಲೇಬೇಕು ಅಂದ್ರೆ ನೀವೇ ಬಿಚ್ಚಿ ಅತ್ತಿಗೆ. ಮುಟ್ಟಿ, ನೋಡೋಣ."

ನಾದಿನಿ ಮುಟ್ಟಲಿಲ್ಲ. ಒಂದು ಗಳಿಗೆ ನೋಡಿ, ತಲೆದಿಂಬು ಸರಿಪಡಿಸಿ, ಗೊಣಗುತ್ತ ಹೊರಟುಹೋದಳು.

ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾಗಿ ಬಂದ ವಾರಗಿತ್ತಿಯರಿಬ್ಬರನ್ನು ಓಣಿಯವರೆಲ್ಲ ದೊಡ್ಡವಳು, ಚಿಕ್ಕವಳು ಅಂತಲೇ ಕರೆಯುತ್ತಿದ್ದರು. ಈಗ ಮಲಗಿದ್ದವಳು ದೊಡ್ಡವಳು. ಅಣ್ಣತಮ್ಮಂದಿರ ನಡುವೆ ಹುಟ್ಟಿದವಳು ಈ ನಾದಿನಿ. ತನ್ನ ಗಂಡನ ಮನೆ ಎರಡೇ ಬೀದಿ ಆಚೆಗಿದ್ದರೂ ಅವಳ ನಾಲಿಗೆ ಮಾತ್ರ ಈ ಮನೆಯಲ್ಲೇ ಸಂಸಾರ ಹೂಡಿತ್ತು.

ಹಜಾರದಲ್ಲಿ ಬೀಗ ರಿಪೇರಿಯವನು ಬಂದವರಿಗೆಲ್ಲ ಅದೇ ಕತೆ ಹೇಳುತ್ತಿದ್ದ. ಅವನ ಅಂಗಡಿ ದೊಡ್ಡವಳ ಪ್ರಯಾಣದ ಪೆಟ್ಟಿಗೆ ರಿಪೇರಿ ಅಂಗಡಿಯ ಪಕ್ಕದ್ದು. "ಹೊಲಿಗೆ ಮಷಿನ್ ಮೇಲೆ ತಲೆ ಇಟ್ಟಿದ್ರು. ನಿದ್ದೆ ಅಂದ್ಕೊಂಡೆ. 'ಏನಮ್ಮಾ, ಆಗಲೇ ಹಡಗು ಹತ್ತಿಬಿಟ್ರಾ?' ಅಂತ ತಮಾಷೆ ಬೇರೆ ಮಾಡಿದೆ. ನನ್ನ ಬಾಯಿಗೆ ಬೆಂಕಿ ಹಾಕ."

"ಸಂಕಟಪಡದೆ ಹೋದಳಲ್ಲ, ಪುಣ್ಯವಂತೆ," ಅಂದರು ಯಾರೋ.

"ಆ ಹಡಗಿನ ಹುಚ್ಚೂ ಅವಳ ಜೊತೆಗೇ ಹೋಯ್ತು ಬಿಡಿ," ಅಂದ ಚಿಕ್ಕವಳ ಗಂಡ. "ಇವತ್ತೇ ಇಬ್ಬರೂ ಬಂದರಿನ ಕಚೇರಿಗೆ ಹೋಗಿ ಹೆಬ್ಬೆಟ್ಟೊತ್ತಿ ಪಾಸ್ ತಗೋಬೇಕಿತ್ತು. ಕೊನೇ ದಿನ. ದೇವರೇ ತಪ್ಪಿಸಿದ."

ಒಳಕೋಣೆಯಲ್ಲಿ ಚಿಕ್ಕವಳಿಗೆ ಅದು ಕೇಳಿಸಿತು. ಕೊರಳ ಗುಂಡಿ ಹಾಕುವ ಕೈ ಒಂದು ಕ್ಷಣ ನಿಂತಿತು.

*

ಮದುವೆಯಾದ ಹೊಸತರಲ್ಲಿ ಇಬ್ಬರೂ ಹಾವು ಮುಂಗುಸಿ. ಮೊದಲ ಜಗಳ ಒಂದು ಬಾಣಲೆಯದು. ಅದು ಯಾರ ತವರಿನಿಂದ ಬಂದದ್ದು ಎಂಬುದು ಕೊನೆಗೂ ಇತ್ಯರ್ಥವಾಗಲಿಲ್ಲ, ಬಾಣಲೆ ತೂತಾಗಿ ಗುಜರಿ ಸೇರಿದ ಮೇಲೂ ಇಬ್ಬರೂ ಮಾತು ಬಿಟ್ಟೇ ಇದ್ದರು. ಒಂದೇ ಅಡುಗೆಮನೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಬೇಯಿಸುತ್ತಿದ್ದರು. ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಗೋಡೆಯನ್ನು ಕೇಳುತ್ತಿದ್ದರು. "ನೂರು ಜುಟ್ಟು ಸೇರಿದರೂ ಎರಡು ಜಡೆ ಸೇರವು" ಅಂತ ಗಂಡಸರು ನಗುತ್ತಿದ್ದರು.

ದೊಡ್ಡವಳ ಗಂಡ ತೀರಿಕೊಂಡಾಗ ಅವನ ಅಂಗಡಿ ಮಾರುವ ಮಾತು ಬಂತು. ಅವಳು ಯಾರಿಗೂ ಹೇಳದೆ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಬಾಗಿಲು ತೆಗೆದಳು. ದಪ್ಪ ಸೂಜಿ ರೆಗ್ಜಿನ್ ದಾಟದೆ ದಿನಕ್ಕೆರಡು ಬಾರಿ ಮುರಿಯುತ್ತಿತ್ತು. ಬೆರಳ ತುದಿಗಳೆಲ್ಲ ಗಾಯ. ರಾತ್ರಿ ತುತ್ತು ಕಲೆಸಲಾರದೆ ಚಮಚ ಹುಡುಕುತ್ತಿದ್ದುದನ್ನು ಚಿಕ್ಕವಳು ಕಂಡಳು. ಮರುದಿನ ಬೆಳಿಗ್ಗೆ ಅವಳ ಹಿಂದೆಯೇ ಅಂಗಡಿಗೆ ಹೋಗಿ, ಮೂಲೆಯಲ್ಲಿದ್ದ ಸ್ಟೂಲು ಎಳೆದುಕೊಂಡು, ಕಳಚಿದ ಚಕ್ರವೊಂದನ್ನು ಕೈಗೆತ್ತಿಕೊಂಡಳು.

"ಸ್ಕ್ರೂ ಎಲ್ಲಿದೆ?" ಅಂತ ಕೇಳಿದಳು. ಗೋಡೆಯನ್ನಲ್ಲ.

"ನೀಲಿ ಡಬ್ಬಿಯಲ್ಲಿ," ಅಂದಳು ದೊಡ್ಡವಳು.

ಅಷ್ಟೇ. ಬಾಣಲೆಯ ಸುದ್ದಿ ಮತ್ತೆಂದೂ ಏಳಲಿಲ್ಲ.

ದ್ವೀಪ ಅವರ ಬಾಳಿಗೆ ಬಂದದ್ದು ಒಬ್ಬ ನರ್ಸಿನ ಪೆಟ್ಟಿಗೆಯಲ್ಲಿ. ಒಳಗಿನ ಬಟ್ಟೆಯ ಅಸ್ತರಿ ಹರಿದಿತ್ತು. ತಲೆಕೆಳಗು ಮಾಡಿ ಕೊಡವಿದಾಗ ದೊಡ್ಡವಳ ಮಡಿಲಿಗೆ ಒಂದು ಹಿಡಿ ಕೆಂಪು ಮರಳು ಸುರಿಯಿತು.

"ಎಲ್ಲಿಯದಮ್ಮಾ ಇದು?"

ನರ್ಸು ದ್ವೀಪದ ಹೆಸರು ಹೇಳಿದಳು. ಒಂದು ತುದಿಯಿಂದ ಇನ್ನೊಂದು ತುದಿಗೆ ರೈಲಿನಲ್ಲಿ ಎರಡು ದಿನ. ಈ ತುದಿಯಲ್ಲಿ ಮಳೆ ಹೊಯ್ಯುವಾಗ ಆ ತುದಿಯವರು ಬಟ್ಟೆ ಒಣಹಾಕಿರುತ್ತಾರೆ. ಕಾಡಿನೊಳಗೆ ಹೊತ್ತು ಮುಳುಗಿತೆಂದರೆ ಕಪ್ಪೆಗಳ ಗದ್ದಲದಲ್ಲಿ ಪಕ್ಕದವರ ಮಾತೂ ಕೇಳಿಸುವುದಿಲ್ಲ.

ಅವಳು ಹೋದ ಮೇಲೂ ದೊಡ್ಡವಳು ಮಡಿಲು ಕೊಡವಲಿಲ್ಲ. "ಅಲ್ಲ ಕಣೇ, ಲೋಕದ ಪೆಟ್ಟಿಗೆಗೆಲ್ಲ ಚಕ್ರ ಹಾಕಿ ಕಳಿಸ್ತೀವಿ. ನಾವಿಬ್ಬರು ಮಾತ್ರ ಮೂಲೆಗೆ ಬಿದ್ದ ಮೂಟೆ."

"ಹೋಗೋಣ ಅಂತೀಯಾ?"

"ಅಂತೀನಿ."

ಆ ರಾತ್ರಿ ಊಟಕ್ಕೆ ಕೂತಾಗ ಹೇಳಿದ್ದಕ್ಕೆ ದೊಡ್ಡವಳ ಮಗನಿಗೆ ನಗು ತಡೆಯಲಾಗಲಿಲ್ಲ. ಚಿಕ್ಕವಳ ಗಂಡ ಹಳೆಯ ಗಾದೆ ತೆಗೆದ. "ಎರಡು ಜಡೆ ಒಂದೇ ಹಡಗಲ್ಲಿ! ನಡುನೀರಲ್ಲಿ ಒಬ್ಬಳನ್ನೊಬ್ಬಳು ನೂಕೋದು ಖಂಡಿತ."

ದೊಡ್ಡವಳು ತನ್ನ ಬಿಳಿ ಕೂದಲಿನ ಎಳೆಯನ್ನು ಮುಂದಕ್ಕೆಳೆದು ತೋರಿಸಿದಳು. "ಜಡೆ ಎಲ್ಲಿದೆ ಮೈದುನಾ? ಇಬ್ಬರಿಗೂ ಉಳಿದಿರೋದು ಇಲಿ ಬಾಲ. ಇಲಿಗಳು ಹಡಗು ಹತ್ತೋದು ಹೊಸದೇನಲ್ಲ."

*

ಮಣ್ಣಿಗಿಳಿಸುವಾಗಲೂ ಹಳದಿ ಬಟ್ಟೆ ಎಲ್ಲರ ಕಣ್ಣು ಕುಕ್ಕಿತು. ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕಿದರು. ಚಿಕ್ಕವಳು ಎರಡು ಸಲ ಹಾಕಿದಳು.

ಹಿಂದಿರುಗುವಾಗ ನಾದಿನಿ ಅವಳ ಪಕ್ಕಕ್ಕೆ ಬಂದಳು.

"ಒಂದು ಮಾತು ಕೇಳ್ತೀನಿ, ನಿಜ ಹೇಳು. ದ್ವೀಪಕ್ಕೆ ನನ್ನನ್ನೂ ಕರೆಯೋಣ ಅಂತ ಅವಳು ಯಾವತ್ತಾದ್ರೂ ಅಂದಿದ್ದಳಾ?"

"ಅಂದಿದ್ದಳು. ನಾನೇ ಬೇಡ ಅಂದೆ."

"ಯಾಕೆ?"

"ದಾರಿಯುದ್ದಕ್ಕೂ ಬೈತೀರಿ ಅಂತ."

ನಾದಿನಿ ಯೋಚಿಸಿದಳು. "ಬೈತಿದ್ದೆ," ಅಂದಳು. ಮತ್ತೆ ನಾಲ್ಕು ಹೆಜ್ಜೆ ಹಾಕಿ ಮೂಗು ಒರೆಸಿಕೊಂಡಳು. "ಆದರೂ ಅಂದಿದ್ದಳಲ್ಲ."

ಕಾರಿನಲ್ಲಿ ದೊಡ್ಡವಳ ಮಗ ಸ್ಟೀರಿಂಗ್ ಹಿಡಿದಿದ್ದ, ಅವನ ಪಕ್ಕ ಚಿಕ್ಕವಳ ಗಂಡ. ಹಿಂದೆ ಚಿಕ್ಕವಳು, ನಾದಿನಿ.

"ಚಿಕ್ಕಮ್ಮಾ, ನಾಳೆ ಹಡಗಿನವರಿಗೆ ಫೋನ್ ಮಾಡಿ ಎರಡೂ ಟಿಕೆಟ್ ಬೇಡ ಅಂತ ಹೇಳಿಬಿಡ್ತೀನಿ," ಅಂದ ಮಗ.

"ಒಂದು ಬೇಡ ಅನ್ನು. ಇನ್ನೊಂದಕ್ಕೆ ನಾನು ಹೋಗ್ತಿದೀನಿ."

"ಎಲ್ಲಿಗೆ?"

"ಬಂದರಿಗೆ. ಈಗಲೇ. ಪಾಸ್ ಕೊಡೋ ಕಚೇರಿ ಸಂಜೆ ತನಕ ತೆಗೆದಿರುತ್ತೆ."

ಗಂಡ ಪೂರ್ತಿ ಹಿಂದಕ್ಕೆ ತಿರುಗಿದ. "ತಲೆ ಕೆಟ್ಟಿದೆಯಾ ನಿನಗೆ? ಕೈಗಂಟಿದ ಮಣ್ಣು ಇನ್ನೂ ಒಣಗಿಲ್ಲ. ಮನೇಲಿ ಜನ ಕಾಯ್ತಿದಾರೆ. ಪಕ್ಕದ ಬೀದಿಗೆ ಒಬ್ಬಳೇ ಹೋದವಳಲ್ಲ, ಅವಳ ಸೆರಗು ಹಿಡಿದುಕೊಂಡೇ ಓಡಾಡಿದವಳು ನೀನು!"

ಅದು ಸುಳ್ಳಲ್ಲ. ದಾರಿ ಕೇಳುವುದು, ಕಿಟಕಿಯೊಳಗಿನ ಗುಮಾಸ್ತನ ಜೊತೆ ಜಗಳವಾಡುವುದು, ನಕ್ಷೆ ಬಿಡಿಸುವುದು ಎಲ್ಲ ದೊಡ್ಡವಳ ಪಾಲಿನ ಕೆಲಸ. ಚಿಕ್ಕವಳಿಗೆ ದ್ವೀಪ ಕಣ್ಣಮುಂದೆ ಬಂತು. ಅಪರಿಚಿತ ಊರು, ಅರ್ಥವಾಗದ ಮಾತು, ಕತ್ತಲಲ್ಲಿ ಕಪ್ಪೆಗಳು, ಪಕ್ಕದಲ್ಲಿ ಖಾಲಿ ಹಾಸಿಗೆ. ಆದರೂ ಬಾಯಿಂದ ಬಂದದ್ದು ಬೇರೆ.

"ಇಬ್ಬರು ಹೊರಟಾಗ ನಕ್ಕಿರಿ. ಒಬ್ಬಳು ಹೊರಟರೆ ಹೆದರಿಸ್ತೀರಿ. ನಿಮಗೆ ಸರಿಹೋಗೋ ಲೆಕ್ಕ ಯಾವುದು ಅಂತ ಹೇಳಿ, ನೋಡೋಣ."

"ಸತ್ತವಳ ಆಸೆ ಸತ್ತವಳ ಜೊತೆ ಮಣ್ಣಾಯ್ತು ಕಣೇ."

"ಅವಳ ಆಸೆಗೆ ಮಣ್ಣು ಹಾಕಿಲ್ಲ ನಾನು. ಅವಳಿಗೆ ಹಾಕಿದೆ. ಮತ್ತೆ ಇದು ಅವಳೊಬ್ಬಳ ಆಸೆ ಅಂತ ನಿಮಗೆ ಯಾರು ಹೇಳಿದ್ದು?"

ಕೂಡುರಸ್ತೆಯಲ್ಲಿ ಕೆಂಪು ದೀಪ ಬಿತ್ತು. ಕಾರು ನಿಂತಿತು. ಚಿಕ್ಕವಳು ಬಾಗಿಲು ತೆಗೆದು ಇಳಿದಳು.

ಬಸ್ ನಿಲ್ದಾಣ ಕಾರಿನ ಹಿಂದೆಯೇ, ಕೂಗಳತೆಯಲ್ಲಿತ್ತು. ಅಲ್ಲಿ ನಿಂತಿದ್ದ ಹೆಂಗಸಿನ ತೋಳು ಮುಟ್ಟಿ, "ಅಮ್ಮಾ, ಬಂದರಿಗೆ ಯಾವುದು?" ಅಂತ ಕೇಳಿದಳು. ಆ ಹೆಂಗಸು ಆಗಲೇ ಹೊರಟು ಮುಂದೆ ಸರಿಯುತ್ತಿದ್ದ ಬಸ್ಸಿನತ್ತ ಬೊಟ್ಟು ಮಾಡಿದಳು.

ಚಿಕ್ಕವಳ ಮಂಡಿಗಳು ಓಡುವ ಮಂಡಿಗಳಲ್ಲ. ಕೈಯೆತ್ತಿ ಬೀಸುತ್ತ ಬೇಗ ಬೇಗ ಕಾಲು ಹಾಕಿದಳು. ಬಸ್ಸು ಅವಳನ್ನು ಬಿಟ್ಟು ಕಾರಿನ ಪಕ್ಕಕ್ಕೆ ಬರುತ್ತಿತ್ತು. ದೀಪ ಹಸಿರಾಯಿತು. ಅವಳ ಗಂಡ ಕಿಟಕಿಯಿಂದ ತಲೆ ಹೊರಹಾಕಿ ಅವಳನ್ನು ಕರೆಯುತ್ತಲೇ ಇದ್ದ.

ಥಟ್ಟನೆ ಬ್ರೇಕಿನ ಕಿರುಚು ಕೇಳಿತು. ಬಸ್ಸು ಜೋಲಿ ಹೊಡೆದು ನಿಂತಿತು. ಚಾಲಕ ಹಾರ್ನ್ ಒತ್ತಿ ಹಿಡಿದ. ಹಿಂದಿನ ಗಾಡಿಗಳೂ ದನಿಗೂಡಿಸಿದವು.

"ಹೊಡಿಯೋ, ಹೊಡಿ! ಎಷ್ಟು ಹೊತ್ತು ಹೊಡೀತೀಯೋ ನಾನೂ ನೋಡ್ತೀನಿ!"

ನಡುರಸ್ತೆಯಲ್ಲಿ, ಬಸ್ಸಿನ ಮೂತಿಗೆ ಮೊಳ ದೂರದಲ್ಲಿ, ಮಣ್ಣು ಮೆತ್ತಿದ ಎರಡೂ ಕೈಗಳನ್ನು ಅಗಲಕ್ಕೆ ಚಾಚಿ ನಾದಿನಿ ನಿಂತಿದ್ದಳು. ಚಿಕ್ಕವಳು ಕಂಬಿ ಹಿಡಿದು, ಒಂದು ಕಾಲಿಟ್ಟು, ಉಸಿರು ತಗೊಂಡು, ಇನ್ನೊಂದು ಕಾಲನ್ನೂ ಮೆಟ್ಟಿಲ ಮೇಲಕ್ಕೆ ಎತ್ತಿಕೊಳ್ಳುವ ತನಕ ಆ ಕೈಗಳು ಕೆಳಗಿಳಿಯಲಿಲ್ಲ.